ಮನೆಯಲ್ಲೇ ಕಟ್ಟಿದ 2×72 ಬೆಲ್ಟ್ ಗ್ರೈಂಡರ್: ಮೂರು ಮಳೆಗಾಲ ಕಳೆದ ಮೇಲೆ

ಮೊದಲೇ ತೀರ್ಪು ಹೇಳಿಬಿಡುವುದು ವಾಸಿ. ಉಜ್ಜುವ ಬೆಲ್ಟನ್ನು ಚಕ್ರಗಳ ಮೇಲೆ ಓಡಿಸಿ ಉಕ್ಕು ಅರೆಯುವ ಈ ಯಂತ್ರದ ಫ್ರೇಮಿಗೆ ಗುಜರಿ ಕಬ್ಬಿಣ ಸಾಕು, ವೆಲ್ಡಿಂಗ್ ಸೊಟ್ಟಗಿದ್ದರೂ ನಡೆಯುತ್ತದೆ. ಕೈ ಬಿಗಿ ಹಿಡಿಯಬಾರದ ಜಾಗ ಎರಡು: ಲೇತಿನಲ್ಲಿ ಕಡೆಸುವ ಚಕ್ರಗಳು ಮತ್ತು ವಿಎಫ್‌ಡಿ, ಅಂದರೆ ಕರೆಂಟಿನ ಹರ್ಟ್ಸ್ ಬದಲಿಸಿ ಮೋಟರಿನ ವೇಗ ಏರಿಸಿ ಇಳಿಸುವ ಪೆಟ್ಟಿಗೆ. ಮೂರು ವರ್ಷದಲ್ಲಿ ಈ ಯಂತ್ರ ಕೊಟ್ಟ ತಲೆನೋವುಗಳಲ್ಲಿ ಮುಕ್ಕಾಲು ಪಾಲು ಇವೆರಡರದ್ದೇ.

ಅಳತೆ ಚಾಕು ಮಾಡುವವರ ಮಾಮೂಲಿಯದು: 50×1830 ಎಂಎಂ ಬೆಲ್ಟ್, 2 ಎಚ್‌ಪಿಯ ತ್ರೀ ಫೇಸ್ ಮೋಟರು, 1440 ಆರ್‌ಪಿಎಂ, 150 ಎಂಎಂ ಡ್ರೈವ್ ಚಕ್ರ. 50 ಹರ್ಟ್ಸಿನಲ್ಲಿ ಬೆಲ್ಟ್ ನಿಮಿಷಕ್ಕೆ ಸುಮಾರು 680 ಮೀಟರ್ ಓಡುತ್ತದೆ. ಒರಟು ಸೆರಾಮಿಕ್ ಬೆಲ್ಟಿಗೆ ಇದು ಕಮ್ಮಿಯೇ, ಅದಕ್ಕೆ 70 ಹರ್ಟ್ಸಿನವರೆಗೆ ಏರಿಸಿ 950ರ ಹತ್ತಿರ ಓಡಿಸುವುದು ರೂಢಿ. 50 ದಾಟಿದರೆ ಟಾರ್ಕ್ (ತಿರುಗಿಸುವ ಬಲ) ಬಿದ್ದುಹೋಗುತ್ತದೆ, 2880 ಆರ್‌ಪಿಎಂ ಮೋಟರನ್ನೇ ಹಾಕಿ ಎನ್ನುವವರಿದ್ದಾರೆ. ಟಾರ್ಕ್ ಇಳಿಯುವುದು ನಿಜ, ಆದರೆ ಅಷ್ಟೇ ವೇಗ ಏರಿರುವುದರಿಂದ ಎಚ್‌ಪಿ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. 2880ರ ಮೋಟರಿಗೆ 100 ಎಂಎಂ ಚಕ್ರ ಹಾಕಿ ಅದೇ ವೇಗ ತೆಗೆದರೆ, ನಿಧಾನಕ್ಕೆ ಓಡಿಸುವಾಗ ಎಳೆತ ಇದಕ್ಕಿಂತ ಕಮ್ಮಿ ಸಿಗುತ್ತದೆ. ಫಿನಿಶಿಂಗಿನಲ್ಲಿ ಬೇಕಾಗುವುದೇ ಆ ನಿಧಾನದ ಎಳೆತ.

ಕಟ್ಟುವವರು ಹೆಚ್ಚಾಗಿ ಎಡವುವುದು ಮೋಟರಿನ ಟರ್ಮಿನಲ್ ಪೆಟ್ಟಿಗೆಯಲ್ಲಿ. ಮನೆಯ ಸಿಂಗಲ್ ಫೇಸ್ ತೆಗೆದುಕೊಳ್ಳುವ ಸಾಮಾನ್ಯ ವಿಎಫ್‌ಡಿ ಕೊಡುವುದು 230 ವೋಲ್ಟಿನ ತ್ರೀ ಫೇಸ್. ನಮ್ಮಲ್ಲಿ ಸಿಗುವ 2 ಎಚ್‌ಪಿ ಮೋಟರುಗಳು ಸಾಮಾನ್ಯವಾಗಿ 415 ವೋಲ್ಟಿಗೆಂದು ಸ್ಟಾರ್ ಜೋಡಣೆಯಲ್ಲಿ (ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಗಂಟಿಗೆ ಸೇರಿ) ಬರುತ್ತವೆ. ಹಾಗೇ ಕೊಟ್ಟರೆ ಮೋಟರು ಚೆನ್ನಾಗಿಯೇ ತಿರುಗುತ್ತದೆ, ಉಕ್ಕು ಒತ್ತಿದೊಡನೆ ನಿಂತುಬಿಡುತ್ತದೆ. ಟಾರ್ಕ್ ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಪೆಟ್ಟಿಗೆ ತೆರೆದಾಗ ಆರು ಬೋಲ್ಟು ಕಂಡರೆ ಅದೃಷ್ಟ. ಒಂದೇ ಸಾಲಿನ ಮೂರನ್ನು ಸೇರಿಸಿರುವ ಹಿತ್ತಾಳೆ ಪಟ್ಟಿಗಳನ್ನು ಬಿಚ್ಚಿ, ಮೇಲಿನದಕ್ಕೂ ಕೆಳಗಿನದಕ್ಕೂ ನೆಟ್ಟಗೆ ಮೂರು ಪಟ್ಟಿ ಹಾಕಿದರೆ 230 ವೋಲ್ಟಿಗೆ ಹೊಂದುವ ತ್ರಿಕೋನ ಜೋಡಣೆ, ಅಂದರೆ ಡೆಲ್ಟಾ ಆಯಿತು. ಮೂರೇ ತಂತಿ ಹೊರಬಂದಿದ್ದರೆ ಸ್ಟಾರ್ ಗಂಟು ವೈಂಡಿಂಗಿನೊಳಗಿದೆ ಎಂದರ್ಥ, ರಿವೈಂಡಿಂಗ್ ಅಂಗಡಿಯಲ್ಲಿ ಅದನ್ನು ಬಿಚ್ಚಿಸಿ ಆರು ತಂತಿ ಹೊರಗೆ ತೆಗೆಸಬೇಕು. ಡೆಲ್ಟಾ ಮಾಡಿದ ಮೇಲೆ ವಿಎಫ್‌ಡಿಗೆ ತುಂಬುವ ಕರೆಂಟಿನ ಅಂಕಿಯನ್ನೂ 1.73 ಪಟ್ಟು ಮಾಡಿ: ನೇಮ್‌ಪ್ಲೇಟಿನಲ್ಲಿ ಸ್ಟಾರಿಗೆ 3.4 ಆಂಪಿಯರ್ ಇದ್ದರೆ ಇಲ್ಲಿ 5.9. ಇದನ್ನು ಮರೆತರೆ ಓವರ್‌ಲೋಡ್ ಎಂದು ಪದೇ ಪದೇ ಟ್ರಿಪ್ ಆಗುತ್ತದೆ, ಬೈಗುಳ ವಿಎಫ್‌ಡಿಗೆ ಬೀಳುತ್ತದೆ.

ಮೊದಲ ವಿಎಫ್‌ಡಿ ಹದಿನಾಲ್ಕು ತಿಂಗಳಿಗೆ ಸತ್ತಿತು. ತಪ್ಪು ಕಂಪನಿಯದಲ್ಲ. ಅದರ ಪುಟ್ಟ ಫ್ಯಾನು ಕಬ್ಬಿಣದ ಧೂಳನ್ನು ಎಳೆದು ಬೋರ್ಡಿನ ಮೇಲೆ ಹಾಸಿತ್ತು, ಮಳೆಗಾಲದ ತೇವ ಉಳಿದದ್ದನ್ನು ಮಾಡಿತು. ಈಗಿನದು ಗೋಡೆಯ ಆಚೆ ಬದಿಯಲ್ಲಿ, ಸುತ್ತ ಒಂದು ಗೇಣು ಜಾಗ ಬಿಟ್ಟ ಮುಚ್ಚಿದ ಪೆಟ್ಟಿಗೆಯೊಳಗಿದೆ. ವೇಗದ ನಾಬು ಮತ್ತು ಸ್ಟಾಪ್ ಬಟನ್ ಮಾತ್ರ ತಂತಿಯ ತುದಿಯಲ್ಲಿ ಗ್ರೈಂಡರಿನ ಪಕ್ಕಕ್ಕೆ. 20 ಹರ್ಟ್ಸಿಗಿಂತ ಕೆಳಗೆ ತುಂಬಾ ಹೊತ್ತು ಓಡಿಸಿದರೆ ಮೋಟರಿನ ಫ್ಯಾನೂ ನಿಧಾನವಾಗಿ ಮೈ ಸುಡುತ್ತದೆ, ಆಗಾಗ ಮುಟ್ಟಿ ನೋಡಬೇಕು.

ಇನ್ನು ಚಕ್ರಗಳು. ಮೊದಲು ಹಾಕಿದ್ದು ನೈಲಾನ್: ಅಗ್ಗ, ಹಗುರ, ಕಡೆಯುವುದು ಸಲೀಸು. ಬಿಸಿಯೇರಿದಾಗ ಬೇರಿಂಗ್ ಕೂರುವ ಗೂಡು ಸಡಿಲವಾಗಿ, ವರ್ಷ ತುಂಬುವುದರೊಳಗೆ ಬೆಲ್ಟ್ ಅತ್ತಿತ್ತ ಅಲೆಯಲು ಶುರು. ಈಗಿನವು ಅಲ್ಯುಮಿನಿಯಂ, ಒಂದೊಂದಕ್ಕೂ 6202 ಬೇರಿಂಗ್ ಎರಡೆರಡು, ಸರ್ಕ್ಲಿಪ್ ಹಾಕಿ ಬಿಗಿ. ಬೆಲ್ಟನ್ನು ದಾರಿಯಲ್ಲಿ ನಿಲ್ಲಿಸುವ ಟ್ರ್ಯಾಕಿಂಗ್ ಚಕ್ರಕ್ಕೆ ಉಬ್ಬು ಬೇಕೇ ಬೇಕು, ಏಕೆಂದರೆ ಬೆಲ್ಟ್ ಯಾವಾಗಲೂ ಎತ್ತರದ ಕಡೆಗೇ ಹತ್ತುತ್ತದೆ. ನಡುವೆ 75 ಎಂಎಂ, ಅಂಚಿನಲ್ಲಿ 73.5 ಸಾಕು. ಪ್ಲಾಟನ್ನಿನ (ಬೆಲ್ಟಿನ ಹಿಂದೆ ಆಸರೆಯಾಗಿ ನಿಲ್ಲುವ ಚಪ್ಪಟೆ ಹಲಗೆ) ಮೇಲೆ ಕೆಳಗೆ ಇರುವ ಐಡ್ಲರುಗಳು, ಅಂದರೆ ಸುಮ್ಮನೆ ತಿರುಗುವ ಚಕ್ರಗಳು, ಚಪ್ಪಟೆಯಾಗಿಯೇ ಇರಲಿ; ಅವಕ್ಕೂ ಉಬ್ಬು ಕೊಟ್ಟರೆ ಬೆಲ್ಟ್ ನಡುವೆ ಬೆನ್ನೇರಿಸಿಕೊಂಡು ಚಾಕುವಿನ ಮೈ ಸಮ ಬರುವುದಿಲ್ಲ.

ಒತ್ತದಿದ್ದಾಗ ನೆಟ್ಟಗೆ ಓಡಿ, ಒತ್ತಿದಾಗ ಮಾತ್ರ ಬೆಲ್ಟ್ ಪಕ್ಕಕ್ಕೆ ಸರಿದರೆ ಚಕ್ರವನ್ನು ದೂಷಿಸಬೇಡಿ. ಟ್ರ್ಯಾಕಿಂಗ್ ಕೀಲಿನ ಬೋಲ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಅಲ್ಲಿ ಕೂದಲೆಳೆಯಷ್ಟು ಆಟವಿದ್ದರೂ ಬೆಲ್ಟಿನಲ್ಲಿ ಐದಾರು ಎಂಎಂ ಆಗಿ ಕಾಣುತ್ತದೆ. ಹಿತ್ತಾಳೆ ಬುಶ್ ಹಾಕಿಸಿದ ಮೇಲೆ ಇಲ್ಲಿ ಆ ಕಾಟ ನಿಂತಿತು.

ಪ್ಲಾಟನ್ನಿಗೆ 10 ಎಂಎಂ ಎಂಎಸ್ (ಮೆದು ಉಕ್ಕಿನ) ಪ್ಲೇಟು. ಬರೀ ಕಬ್ಬಿಣವಾದರೆ ಕೆಲವೇ ತಿಂಗಳಲ್ಲಿ ನಡುವೆ ತಗ್ಗು ಬೀಳುತ್ತದೆ. ಕೆಟ್ಟ ಇಂಡಕ್ಷನ್ ಒಲೆಯ ಮೇಲಿನ ಸೆರಾಮಿಕ್ ಗಾಜನ್ನು ಟೈಲ್ಸ್ ಕಟ್ಟರಿನಲ್ಲಿ ನೀರು ಬಿಡುತ್ತಾ ಕೊಯ್ದು, ಎಪಾಕ್ಸಿಯಲ್ಲಿ ಅಂಟಿಸಿ, ಕೆಳಗೊಂದು ಆಸರೆ ಪಟ್ಟಿ ಕೊಟ್ಟರೆ ಆ ಚಿಂತೆಯಿಲ್ಲ. ಗ್ಯಾಸ್ ಒಲೆಯ ಗಾಜು ಟಫನ್ ಮಾಡಿದ್ದು, ಬ್ಲೇಡ್ ತಾಗಿದರೆ ಪುಡಿಪುಡಿ.

ಬೆಲ್ಟುಗಳನ್ನು ಅಳತೆ ಹೇಳಿ ಮಾಡಿಸಿಕೊಳ್ಳಬಹುದು. ತುದಿಗಳನ್ನು ಒಂದರ ಮೇಲೊಂದು ಹತ್ತಿಸಿದ ಜೋಡಣೆಯಾದರೆ ಒಳಗಿನ ಬಾಣದ ದಿಕ್ಕಿಗೇ ಹಾಕಿ, ಪ್ರತಿ ಸುತ್ತಿಗೂ ಟಕ್ ಟಕ್ ಅನ್ನುವುದನ್ನೂ ಸಹಿಸಿಕೊಳ್ಳಿ. ಫಿನಿಶಿಂಗಿಗೆ ಅಂಚಿಗಂಚು ಕೂಡಿಸಿ ಟೇಪ್ ಹಚ್ಚಿದ್ದೇ ಒಳ್ಳೆಯದು. ಸಣ್ಣ ಮೊಳೆಗೆ ನೇತುಹಾಕಬೇಡಿ, ಮಡಿಕೆ ಬಿದ್ದಲ್ಲೇ ಹರಿಯುತ್ತದೆ. 4 ಇಂಚಿನ ಪಿವಿಸಿ ಪೈಪಿನ ತುಂಡು ಗೋಡೆಗೆ ಹೊಡೆದು ಅದಕ್ಕೆ ಹಾಕಿ. ಸವೆದ ಬೆಲ್ಟಿನ ಮೇಲೆ ಜೀವ ಇಟ್ಟುಕೊಂಡರೆ ಹದ ಹಾಕಿದ ಅಲಗು ನೀಲಿಯಾಗುತ್ತದೆ, ಅಲ್ಲಿಗೆ ಆ ಅಲಗಿನ ಕಥೆ ಮುಗಿಯಿತು. ಕೈಗವಸು ಬೇಡ, ಬರಿಬೆರಳಿಗೆ ಬಿಸಿ ತಾಗಿದೊಡನೆ ನೀರಿಗೆ ಅದ್ದಿ. ಮುಖಕ್ಕೆ ಮಾತ್ರ ಎನ್95 ಮಾಸ್ಕ್ ತಪ್ಪದೆ ಇರಲಿ.

ಈ ಪ್ಲಾಟನ್ನಿಗೆ ಬಗ್ಗದ್ದು ಮಲೆನಾಡಿನ ಕೊಕ್ಕೆ ಮೂಗಿನ ಕತ್ತಿ, ಕುಡುಗೋಲು. ಒಳಬಾಗಿದ ಅಂಚು ಚಪ್ಪಟೆ ಮೈಗೆ ಸಿಗುವುದೇ ಇಲ್ಲ. ಅದಕ್ಕೆ 30 ಎಂಎಂ ಸಣ್ಣ ಚಕ್ರದ ಬೇರೊಂದು ತೋಳು ಬೇಕು. ಆದರೆ 50 ಹರ್ಟ್ಸಿನಲ್ಲಿ ಆ ಚಕ್ರ 7,200 ಆರ್‌ಪಿಎಂ ತಿರುಗುತ್ತದೆ, ಒಳಗಿನ ಪುಟ್ಟ 608 ಬೇರಿಂಗಿನ ಗ್ರೀಸು ಕರಗಿ ಹರಿಯುತ್ತದೆ. 25 ಹರ್ಟ್ಸಿಗೆ ಇಳಿಸಿಯೇ ಓಡಿಸಿ, ಡ್ರಾಯರಿನಲ್ಲಿ ನಾಲ್ಕು ಬೇರಿಂಗ್ ಹೆಚ್ಚಿಗೆ ಇಟ್ಟುಕೊಳ್ಳಿ.