ಬೇಸ್ ಗಿಟಾರಿನ ಫ್ಲ್ಯಾಟ್‌ವೌಂಡ್ ತಂತಿ: ಒಂದು ಮಳೆಗಾಲ ನುಡಿಸಿದ ಮೇಲೆ

ಮದುವೆಯ ರಸಮಂಜರಿಗೂ ಭಾವಗೀತೆಯ ಕಾರ್ಯಕ್ರಮಕ್ಕೂ ಒಂದೇ ಬೇಸ್ ಗಿಟಾರನ್ನು ಹೊತ್ತೊಯ್ಯುವ ನಾನು ಇಷ್ಟು ವರ್ಷ ರೌಂಡ್‌ವೌಂಡ್ ತಂತಿಗಳನ್ನೇ ಹಾಕುತ್ತಿದ್ದೆ. ಚಿಕ್ಕಮಗಳೂರಿನಲ್ಲಿ ಕೇಳಿದರೆ ನನಗೆ ಸಿಗುತ್ತಿದ್ದದ್ದೂ ಅದೇ, ಅದೂ ಅಂಗಡಿಯವರು ತರಿಸಿಟ್ಟಿದ್ದರೆ. ಕಳೆದ ವರ್ಷ ಮಳೆ ಹಿಡಿಯುವ ಮೊದಲು ಬೆಂಗಳೂರಿನಿಂದ ಡಡಾರಿಯೊ ಕ್ರೋಮ್ಸ್ ಎಂಬ ಫ್ಲ್ಯಾಟ್‌ವೌಂಡ್ ಸೆಟ್ಟನ್ನು ತರಿಸಿದೆ. ಬೆಲೆ ಹಳೆಯ ಸೆಟ್ಟಿನ ಎರಡರಷ್ಟನ್ನೂ ಮೀರಿತು.

ಎರಡರಲ್ಲೂ ಒಳಗೆ ಉಕ್ಕಿನ ಎಳೆಯೊಂದಿದ್ದು ಅದರ ಮೇಲೆ ಲೋಹವನ್ನು ಸುತ್ತಿರುತ್ತಾರೆ. ರೌಂಡ್‌ವೌಂಡಿನಲ್ಲಿ ಆ ಸುತ್ತು ದುಂಡು ತಂತಿಯದಾದ್ದರಿಂದ ಬೆರಳಿಗೆ ಗರಗರ ಎನ್ನುತ್ತದೆ; ಫ್ಲ್ಯಾಟ್‌ವೌಂಡಿನಲ್ಲಿ ಚಪ್ಪಟೆ ಪಟ್ಟಿಯಾದ್ದರಿಂದ ನುಣುಪಾಗಿರುತ್ತದೆ. ದುಂಡು ಸುತ್ತುಗಳ ನಡುವೆ ಸಂದು ಉಳಿಯುತ್ತದೆ, ಪಟ್ಟಿಯ ನಡುವೆ ಉಳಿಯುವುದಿಲ್ಲ. ಹೀಗಾಗಿ ದಪ್ಪ ಒಂದೇ ಇದ್ದರೂ ಫ್ಲ್ಯಾಟ್ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ, ಅದೇ ಶ್ರುತಿಗೆ ತರಲು ಹೆಚ್ಚು ಬಿಗಿಯಬೇಕಾಗುತ್ತದೆ. ನನ್ನ ಎರಡೂ ಸೆಟ್ಟುಗಳು 45ರಿಂದ 100ರ ಅಳತೆಯವೇ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಆಗಿದ್ದರೂ ಹೊಸದನ್ನು ಹಾಕಿದ ಮರುದಿನ ನೆಕ್ ಮುಂದಕ್ಕೆ ಬಾಗಿ ತಂತಿಗಳು ಎದ್ದು ನಿಂತಿದ್ದವು. ನೆಕ್ಕಿನ ಬಾಗು ಸರಿಪಡಿಸಲು ಅದರೊಳಗಿರುವ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಸ್ವಲ್ಪ ಬಿಗಿದ ಮೇಲೆ ಸರಿಹೋಯಿತು.

ಮೊದಲ ದಿನ ಮನೆಯಲ್ಲಿ ಒಬ್ಬನೇ ನುಡಿಸಿದಾಗ, ಆಂಪಿನ (ಆಂಪ್ಲಿಫೈಯರಿನ) ಮೇಲೆ ಯಾರೋ ಕಂಬಳಿ ಹೊದಿಸಿದ್ದಾರೆಂದು ಅನಿಸಿ ಹಣ ನೀರಿಗೆ ಹಾಕಿದೆನೆಂದುಕೊಂಡೆ. ಆ ವಾರದ ತಾಲೀಮಿನಲ್ಲಿ ಹಾರ್ಮೋನಿಯಂ, ತಬಲಾ ಜೊತೆಯಾದಾಗ ಅದೇ ನಾದ ಬೇರೆಯಾಗಿ ಕೇಳಿಸಿತು. ಮೇಲಿನ ಸ್ವರಾಂಶಗಳು ಕಡಿಮೆಯಿರುವುದರಿಂದ ಅದು ಹಾಡುವವರ ದನಿಯ ಮೇಲೇರಿ ಹೋಗುವುದಿಲ್ಲ. ಸ್ವರದ ಆರಂಭ ದಪ್ಪಗಿದ್ದು ಬೇಗ ಅಡಗುವುದರಿಂದ ಡಗ್ಗಾದ ಗುಂಯ್‌ಕಾರಕ್ಕೆ ಜಾಗ ಉಳಿಯುತ್ತದೆ. ನಿಧಾನ ಲಯದ ಭಾವಗೀತೆಯಲ್ಲಿ, ಸಾಲು ಮುಗಿದು ಗಾಯಕಿ ಉಸಿರೆಳೆದುಕೊಳ್ಳುವ ಮೌನದಲ್ಲಿ, ನನ್ನ ಬೆರಳು ತಂತಿಯ ಮೇಲೆ ಜಾರುವ ಕಿರ್ ಸದ್ದು ಮೊದಲು ಸ್ಪಷ್ಟವಾಗಿ ಕೇಳುತ್ತಿತ್ತು. ಈಗ ಅದು ಬಹುಮಟ್ಟಿಗೆ ಇಲ್ಲ. ನನ್ನ ಮಟ್ಟಿಗೆ ಕೊಟ್ಟ ಹಣ ಇದೊಂದಕ್ಕೇ ಸಂದಿತು.

ರಸಮಂಜರಿಯ ಕಥೆ ಬೇರೆ. ಕುಣಿತದ ಹಾಡುಗಳಿಗೆ ಕೀಬೋರ್ಡ್, ರಿದಮ್ ಪ್ಯಾಡ್ ಎರಡೂ ಪೂರ್ತಿ ಜೋರಾದಾಗ ಫ್ಲ್ಯಾಟ್‌ವೌಂಡ್ ಮುಳುಗಿಹೋಗುತ್ತದೆ. ಹೆಬ್ಬೆರಳಿನಿಂದ ಹೊಡೆದು ನುಡಿಸುವ ಸ್ಲ್ಯಾಪಿನಲ್ಲಿ ಆ ಲೋಹದ ಝಣ್ ಬರುವುದೇ ಇಲ್ಲ. ಆಂಪಿನಲ್ಲಿ ಮಿಡ್, ಅಂದರೆ ನಡುವಣ ಕಂಪನಾಂಕಗಳನ್ನು, ಏರಿಸಿದರೆ ಸ್ವರ ಗುರುತು ಸಿಗುವಷ್ಟಾಗುತ್ತದೆ, ಅಷ್ಟೇ. ಇಂಥ ಕೆಲಸವೇ ಹೆಚ್ಚಿರುವವರು ರೌಂಡ್‌ವೌಂಡನ್ನು ಬಿಡಬಾರದು.

ಬಾಳಿಕೆಯ ಮಾತು ನಮ್ಮ ಕಡೆಗೆ ಮುಖ್ಯ. ಗೋಡೆಯೇ ಬೆವರುವ ಆಷಾಢದಲ್ಲಿ ದುಂಡು ಸುತ್ತಿನ ಸಂದುಗಳಲ್ಲಿ ಬೆವರು, ಕೊಳೆ, ತೇವ ಸೇರಿ ಹೊಸ ತಂತಿಯ ನಾದದ ಹೊಳಪು ಕೆಲವೇ ವಾರಗಳಲ್ಲಿ ಇಳಿಯುತ್ತಿತ್ತು. ಕ್ರೋಮ್ಸ್‌ನ ನಯಗೊಳಿಸಿದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯನ್ನು ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸುತ್ತ ಬಂದಿದ್ದೇನೆ, ಒಂದು ಮಳೆಗಾಲ ಕಳೆದರೂ ನಾದ ಹೆಚ್ಚು ಬದಲಾಗಿಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಫ್ಲ್ಯಾಟ್‌ವೌಂಡ್ ತಂತಿಗಳನ್ನು ಹರಿಯುವವರೆಗೂ ಬದಲಿಸುತ್ತಿರಲಿಲ್ಲವೆನ್ನುತ್ತಾರೆ. ಅಷ್ಟು ಧೈರ್ಯ ನನಗಿಲ್ಲವಾದರೂ ಇನ್ನೊಂದು ವರ್ಷ ಇವನ್ನು ಬಿಚ್ಚುವ ಯೋಚನೆಯಿಲ್ಲ. ಹಾಗೆ ಲೆಕ್ಕ ಹಾಕಿದರೆ ದುಬಾರಿಯೆನಿಸಿದ ಸೆಟ್ಟೇ ಅಗ್ಗವಾಗುತ್ತದೆ.

ಕೊಳ್ಳುವವರು ಗಮನಿಸಬೇಕಾದದ್ದೊಂದಿದೆ. ತಂತಿಯ ಹೆಚ್ಚುವರಿ ತುದಿಯನ್ನು ಕತ್ತರಿಸುವ ಮೊದಲು, ಕತ್ತರಿಸುವ ಜಾಗಕ್ಕಿಂತ ತುಸು ಒಳಗೆ ಅದನ್ನು ಚೂಪಾಗಿ ಮಡಿಸಿಕೊಳ್ಳಬೇಕು. ಹಾಗೆ ಮಾಡದೆ ಕತ್ತರಿ ಹಾಕಿದರೆ ಚಪ್ಪಟೆ ಪಟ್ಟಿ ಬಿಚ್ಚಿಕೊಳ್ಳುವ ಅಪಾಯವಿದೆ, ಮತ್ತೊಂದು ಸೆಟ್ಟಿಗೆ ಬೆಂಗಳೂರಿನ ಪಾರ್ಸೆಲ್ಲನ್ನೇ ಕಾಯಬೇಕು.