ಯಕ್ಷಗಾನದ ಆಟ ರೆಕಾರ್ಡ್ ಮಾಡಲು ಜೂಮ್ ಎಚ್1 ಎಸೆನ್ಶಿಯಲ್: ಯಂತ್ರ ಸರಿ, ಫೈಲ್ ಹೇಗೆ ಇಡಬೇಕು?

ಹೊನ್ನಾವರ, ಕುಮಟಾ ಕಡೆಯ ಬಯಲಾಟವನ್ನೋ ಶಿರಸಿಯ ತಾಳಮದ್ದಳೆಯನ್ನೋ ರೆಕಾರ್ಡ್ ಮಾಡಿ ಇಟ್ಟುಕೊಳ್ಳುವವರಿಗೆ ಈ ಪುಟ್ಟ ರೆಕಾರ್ಡರ್ ಸಾಕು. ಆದರೆ ಅದು ಕೊಟ್ಟ ಫೈಲನ್ನು ಹಾಗೆಯೇ ಸಂಗ್ರಹಕ್ಕೆ ಹಾಕಬೇಡಿ.

ಇದರಲ್ಲಿರುವುದು 32-ಬಿಟ್ ಫ್ಲೋಟ್ (ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೂ ಹಿಡಿಯುವ) ವೇವ್ ಫೈಲ್ ಒಂದೇ. ಲೆವೆಲ್ ಹೊಂದಿಸುವ ಗೇನ್ ಗುಂಡಿಯೂ ಇಲ್ಲ. ಆಟಕ್ಕೆ ಇದೇ ಅನುಕೂಲ. ಭಾಗವತರು ಕರುಣರಸದ ಪದ್ಯವನ್ನು ಮೆಲ್ಲಗೆ ಎತ್ತಿದಾಗ ಸರಿ ಇದ್ದ ಲೆವೆಲ್, ಯುದ್ಧಕ್ಕೆ ಚಂಡೆ ಬಿದ್ದ ಕೂಡಲೇ 24-ಬಿಟ್ ರೆಕಾರ್ಡರಿನಲ್ಲಿ ಒಡೆದುಹೋಗುತ್ತದೆ. ಫ್ಲೋಟ್‌ನಲ್ಲಿ ಸೊನ್ನೆ ಡಿಬಿ (ಡಿಜಿಟಲ್ ಲೆವೆಲಿನ ಗರಿಷ್ಠ ಗೆರೆ) ದಾಟಿದ್ದೂ ಫೈಲಿನಲ್ಲಿ ಉಳಿಯುತ್ತದೆ, ಆಮೇಲೆ ಇಳಿಸಿಕೊಳ್ಳಬಹುದು. ಮೈಕಿಗೆ ಮಾತ್ರ ಈ ವಿನಾಯಿತಿ ಇಲ್ಲ, ಅದು ತಾಳುವ ಸದ್ದಿನ ಮಿತಿ 120 ಡಿಬಿ ಎಸ್‌ಪಿಎಲ್. ಚಂಡೆಯ ಬುಡದಲ್ಲಿಟ್ಟರೆ ಯಾವ ಫಾರ್ಮ್ಯಾಟೂ ಕಾಯದು. ಹತ್ತು ಹನ್ನೆರಡು ಅಡಿ ದೂರದಲ್ಲಿ, ಸ್ಟ್ಯಾಂಡಿನ ಮೇಲೆ, ಭಾಗವತರ ಕಡೆ ಮುಖಮಾಡಿ ಇಡಿ. ಕಡಲಗಾಳಿಗೆ ಸ್ಪಂಜಿನ ಟೊಪ್ಪಿ ಸಾಲದು, ತುಪ್ಪಳದ್ದೇ ಬೇಕು.

48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಬಾರಿ ಧ್ವನಿ ಅಳೆಯುವ ವೇಗ) ತಾಸಿಗೆ ಸುಮಾರು 1.4 ಜಿಬಿ, ಎಂಟು ತಾಸಿನ ಆಟಕ್ಕೆ 11 ಜಿಬಿ. 96ಕ್ಕೆ ಏರಿಸಿದರೆ ಇದು ಇಮ್ಮಡಿ. ಹಾರ್ನ್ ಸ್ಪೀಕರಿನಿಂದ ಬರುವ ಧ್ವನಿಗೆ ಅಷ್ಟು ಖರ್ಚು ದಂಡ. ಹಳೆಯ ಕ್ಯಾಸೆಟ್ ಇಳಿಸುವಾಗ ಬೇಕಾದರೆ 96 ಇರಲಿ. ಐಎಎಸ್‌ಎ (ಧ್ವನಿ-ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ) ಮಾರ್ಗಸೂಚಿ ಕನಿಷ್ಠ 48 ಕಿಲೋಹರ್ಟ್ಸ್, 24-ಬಿಟ್ ಎನ್ನುತ್ತದೆ. ಡಿಎಸ್‌ಡಿಯ (ಒಂದೇ ಬಿಟ್ಟಿನ, ಅತಿ ವೇಗದ ಧ್ವನಿ ಫಾರ್ಮ್ಯಾಟ್) ಆಸೆ ಬೇಡ, ಎಡಿಟಿಂಗಿಗೆ ಹೇಗೂ ವೇವ್ ಬಳಸುವ ಪಿಸಿಎಂಗೆ ಬದಲಿಸಬೇಕಾಗುತ್ತದೆ.

ಎಡವುವುದು ಮುಂದಿನ ಹಂತದಲ್ಲಿ. ಸಂಗ್ರಹಕ್ಕೆ ಬಳಸುವ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಜಾಗ ಉಳಿಸುವ ಫಾರ್ಮ್ಯಾಟ್) ಫ್ಲೋಟನ್ನು ಇಟ್ಟುಕೊಳ್ಳುವುದಿಲ್ಲ. ನೇರವಾಗಿ 24-ಬಿಟ್‌ಗೆ ಬದಲಿಸಿದರೆ ಸೊನ್ನೆಯ ಮೇಲಿದ್ದ ಚಂಡೆಯ ಪೆಟ್ಟುಗಳೆಲ್ಲ ಅಲ್ಲೇ ಕತ್ತರಿಸಿಹೋಗುತ್ತವೆ, ಫ್ಲೋಟ್ ತೆಗೆದುಕೊಂಡದ್ದೇ ವ್ಯರ್ಥ. ಆಡಾಸಿಟಿ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಮೊದಲು ಅತಿ ಜೋರಿನ ಶಿಖರವನ್ನು −1 ಡಿಬಿಗೆ ನಾರ್ಮಲೈಸ್ ಮಾಡಿ (ಇಡೀ ಧ್ವನಿಯನ್ನು ಒಂದೇ ಅಳತೆಯಲ್ಲಿ ಏರಿಸಿ ಅಥವಾ ಇಳಿಸಿ), ಆಮೇಲೆ 24-ಬಿಟ್ ಫ್ಲ್ಯಾಕ್ ಎಕ್ಸ್‌ಪೋರ್ಟ್ ಮಾಡಿ. ವೇವ್‌ಗೆ 4 ಜಿಬಿಯ ಮಿತಿ ಇರುವುದರಿಂದ ಇಡೀ ರಾತ್ರಿಯ ಆಟ ತುಂಡುತುಂಡಾಗಿ ಬರುತ್ತದೆ. ತುಂಡುಗಳನ್ನು ಜೋಡಿಸಿಯೇ ನಾರ್ಮಲೈಸ್ ಮಾಡಿ. ಬೇರೆಬೇರೆಯಾಗಿ ಮಾಡಿದರೆ ಬೆಸುಗೆಯಲ್ಲಿ ಶ್ರುತಿಯ ಸದ್ದು ಏಕಾಏಕಿ ಏರುತ್ತದೆ, ಇಳಿಯುತ್ತದೆ.

ಫ್ಲ್ಯಾಕಿನ ಇನ್ನೊಂದು ಲಾಭ ಜಾಗದ ಉಳಿತಾಯಕ್ಕಿಂತ ದೊಡ್ಡದು. ಮೂಲ ಧ್ವನಿಯ ಎಂಡಿ5 ಗುರುತು (ಬೆರಳಚ್ಚಿನಂಥ ಲೆಕ್ಕದ ಸಂಖ್ಯೆ) ಫೈಲಿನೊಳಗೇ ಇರುತ್ತದೆ. ಡಿಸ್ಕ್ ಕೆಟ್ಟು ಒಂದು ಬಿಟ್ ತಿರುಚಿದರೂ ಪರೀಕ್ಷೆ ಓಡಿಸಿದಾಗ ಗೊತ್ತಾಗುತ್ತದೆ. ಸಾದಾ ವೇವ್ ಬಾಯಿ ಬಿಡುವುದಿಲ್ಲ.

ಮಿಕ್ಸರಿನಿಂದ ಕೇಬಲ್ ಮೂಲಕ ನೇರ ಧ್ವನಿ (ಲೈನ್) ತೆಗೆದುಕೊಳ್ಳುವಾಗ ಜನರೇಟರಿಗೆ ಹಚ್ಚಿದ ಚಾರ್ಜರ್ ಬೇಡ, ಗುಂಯ್‌ಗುಡುವ ಸಂಭವ ಹೆಚ್ಚು. ಎರಡು ಎಎಎ ಸೆಲ್ಲಿನ ಮೇಲೆಯೇ ನಡೆಸಿ, ಇನ್ನೊಂದು ಜೊತೆ ಕಿಸೆಯಲ್ಲಿರಲಿ.