ಟ್ರಯಲ್ ಅಂದರೆ ಎಷ್ಟು ತಾಸು ಅಂತ ಮೊದಲೇ ಕೇಳಿ

ದೀಪಾವಳಿ ಹತ್ತಿರ ಬಂತು ಅಂದರೆ ಬೆಳಗಾವಿಯ ದೊಡ್ಡ ಅಂಗಡಿಗಳ ಬಾಗಿಲಿಗೆ 'ಸೇಲ್ಸ್ ಹುಡುಗಿಯರು ಬೇಕಾಗಿದ್ದಾರೆ' ಅಂತ ಚೀಟಿ ಅಂಟಿಸುತ್ತಾರೆ. ಇಂಟರ್‌ವ್ಯೂಗೆ ಹೊರಟವರು ಇದನ್ನು ಓದಿಕೊಂಡು ಹೋಗಿ. ಹೋದ ವರ್ಷ ನಾನು ಇಂಟರ್‌ವ್ಯೂ ಅಂತ ಹೋಗಿ ಮೂರು ದಿನ ಪುಕ್ಕಟೆ ದುಡಿದು ಬಂದಿದ್ದೇನೆ.

ಅಂಗಡಿ ಹೆಸರು ಹೇಳಲ್ಲ. ಕೆಳಗೆ ಕಿರಾಣಿ, ಮೇಲೆ ಬಟ್ಟೆ, ಅದರ ಮೇಲೆ ಭಾಂಡೆ ಸಾಮಾನು, ಎಲ್ಲಾ ಒಂದೇ ಕಡೆ ಸಿಗುವಂಥದ್ದು. ಇಂಟರ್‌ವ್ಯೂ ಚೆನ್ನಾಗೇ ಆಯ್ತು. ಮರಾಠಿ ಬರ್ತದೇನು ಅಂತ ಕೇಳಿದರು, ಬೆಳಗಾವಿಯಲ್ಲಿ ಅದನ್ನು ಕೇಳದೆ ಯಾರೂ ಕೌಂಟರಿಗೆ ನಿಲ್ಲಿಸಲ್ಲ. ಆಮೇಲೆ ಮ್ಯಾನೇಜರ್ ಒಂದು ಕುಕ್ಕರ್ ಮುಂದಿಟ್ಟು, "ನಾ ಗಿರಾಕಿ ಅಂತ ತಿಳ್ಕೊ, ಇದನ್ನ ಮಾರಿ ತೋರಸು" ಅಂದರು. ನಾನು ಕುಕ್ಕರ್ ಮುಟ್ಟಲಿಲ್ಲ, ಮೊದಲು "ಮನ್ಯಾಗ ಎಷ್ಟ ಮಂದಿ ಅದೀರ್ರಿ?" ಅಂತ ಕೇಳಿದೆ. ನಕ್ಕುಬಿಟ್ಟರು. ಪಗಾರ ಹನ್ನೆರಡು ಸಾವಿರ, ನಾಳೆಯಿಂದ ಟ್ರಯಲ್, ನೋಡಿ ಫೈನಲ್ ಮಾಡ್ತೀವಿ ಅಂದರು. ಖುಷಿಯಲ್ಲಿ ಮನೆಗೆ ಕುಂದಾ ಬೇರೆ ಒಯ್ದೆ.

ಮರುದಿನ ನೋಡಿದರೆ ನನ್ನ ಹಾಗೆ ಟ್ರಯಲ್‌ಗೆ ಬಂದವರು ಒಂಬತ್ತು ಜನ. ಸೇಲಿನ ಮಾಲು ಬಂದು ಬಿದ್ದಿತ್ತು. ಗಿರಾಕಿಯ ಮುಖ ಕೂಡ ನೋಡಲಿಲ್ಲ ನಾವು. ಗಂಟು ಬಿಚ್ಚು, ಶರ್ಟಿನ ಗುಂಡುಪಿನ್ನು ತೆಗೆ, ರಟ್ಟು ಇಟ್ಟು ಮತ್ತೆ ಮಡಚು, ಹಳೇ ರೇಟಿನ ಮೇಲೆ ಹೊಸ ರೇಟಿನ ಚೀಟಿ ಅಂಟಿಸು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆ. ಸ್ಟೂಲು ಇದ್ದದ್ದು ಕ್ಯಾಶಿನವನಿಗೆ ಮಾತ್ರ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸದವರಿಗೆ ಕೂರಲು ಜಾಗ ಕೊಡಲೇಬೇಕು ಅಂತ ಕಾನೂನು ತಿದ್ದಿದ್ದಾರಂತೆ, ಆಮೇಲೆ ಓದಿದೆ. ಯಾಕೆ ತಿದ್ದಿದರು ಅಂತ ನನ್ನ ಹಿಮ್ಮಡಿಗೆ ಅಷ್ಟರಲ್ಲೇ ಗೊತ್ತಾಗಿತ್ತು.

ಅನುಮಾನ ಮೊದಲ ದಿನವೇ ಬರಬೇಕಿತ್ತು. ಅಲ್ಲಿಯವರೆಲ್ಲ ಮಷೀನಿಗೆ ಬೆರಳೊತ್ತಿ ಒಳಗೆ ಹೋಗುತ್ತಿದ್ದರು. ನಮ್ಮ ಹೆಸರು ಮಾತ್ರ ಹಳೇ ಬಿಲ್ಲಿನ ಹಿಂದೆ, ಅದೂ ಪೆನ್ಸಿಲ್‌ನಲ್ಲಿ! ಬೈಲಹೊಂಗಲದಿಂದ ದಿನಾ ಹೋಗಿ ಬರುತ್ತಿದ್ದೆ, ಶಕ್ತಿ ಟಿಕೆಟ್ ಇದ್ದದ್ದಕ್ಕೆ ಬಸ್ಸಿಗೆ ಖರ್ಚಿಲ್ಲ, ಕೈಯಿಂದ ದುಡ್ಡು ಕೊಟ್ಟು ಹೋಗಬೇಕಿದ್ದರೆ ಎರಡನೇ ದಿನವೇ ಲೆಕ್ಕ ಹಾಕುತ್ತಿದ್ದೆನೇನೋ.

ಮೂರನೇ ದಿನ ಸಂಜೆ ಮಾಲು ಮುಗಿಯಿತು, ಮಾತೂ ಬದಲಾಯಿತು. ಪಗಾರ ಅಂಗಡಿಯವರು ಕೊಡಲ್ಲವಂತೆ, ಯಾವುದೋ ಏಜೆನ್ಸಿಯಂತೆ. ಯೂನಿಫಾರ್ಮಿಗೆ ಒಂದೂವರೆ ಸಾವಿರ ಡಿಪಾಜಿಟ್. ಜೊತೆಗೆ ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರವೇ ಇರಬೇಕು. ಝೆರಾಕ್ಸ್ ಕೊಡ್ತೀನಿ, ಒರಿಜಿನಲ್ ತೋರಿಸಿ ವಾಪಸ್ ಇಟ್ಟುಕೊಳ್ತೀನಿ ಅಂದೆ. ಆಗಲ್ಲ ಅಂದರು. ಹಾಗಾದರೆ ಮೂರು ದಿನದ ಪಗಾರ ಕೊಡಿ ಅಂದೆ. "ಟ್ರಯಲ್‌ಗೆ ಯಾರರ ಪಗಾರ ಕೊಡ್ತಾರೇನವಾ ತಂಗಿ?" ಅಂದುಬಿಟ್ಟರು. ಕುಕ್ಕರ್ ಮುಂದಿಟ್ಟು ನಕ್ಕಿದ್ದ ಅದೇ ಮನುಷ್ಯ. ಹೊರಗೆ ಬರುವಾಗ ವಾಚ್‌ಮನ್ ನನ್ನ ಊಟದ ಡಬ್ಬಿ ಬಿಚ್ಚಿಸಿ ನೋಡಿದ, ಅದು ದಿನಾ ಇದ್ದದ್ದೇ, ಆದರೆ ಆವತ್ತು ಅಳು ಬಂತು.

ಖಾನಾಪುರದ ಒಬ್ಬಳು ದುಡ್ಡೂ ಕೊಟ್ಟಳು, ಕಾರ್ಡೂ ಕೊಟ್ಟಳು. ಹಬ್ಬ ಮುಗಿದ ಮೇಲೆ ಅವಳಿಗೆ ಕೆಲಸ ಇಲ್ಲ ಅಂದರು. ಅವರಪ್ಪ ಬಂದು ಜಗಳ ಮಾಡಿದ ಮೇಲೆ ಕಾರ್ಡ್ ಸಿಕ್ಕಿತು, ದುಡ್ಡು ಸಿಗಲಿಲ್ಲ.

ನಮ್ಮಲ್ಲಿ ಅಂಗಡಿ ಕೆಲಸಕ್ಕೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಕೆಲಸಕ್ಕೆ ಇಟ್ಟುಕೊಂಡ 30 ದಿನದೊಳಗೆ ನೇಮಕದ ಆದೇಶ ಬರವಣಿಗೆಯಲ್ಲಿ ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು. ಹಾಗಾಗಿ ಕೇಳೋದಕ್ಕೆ ನಾಚಿಕೆ ಬೇಡ. ಟ್ರಯಲ್ ಎಷ್ಟು ಹೊತ್ತು, ಅದಕ್ಕೆ ದುಡ್ಡು ಕೊಡ್ತೀರಾ, ಪಗಾರ ಯಾರ ಹೆಸರಲ್ಲಿ ಬರುತ್ತದೆ, ಇಷ್ಟನ್ನು ಮೊದಲ ದಿನವೇ ಕೇಳಿ. ಒರಿಜಿನಲ್ ಕಾರ್ಡ್ ಮಾತ್ರ ಯಾರು ಏನೇ ಹೇಳಿದರೂ ಬಿಟ್ಟು ಬರಬೇಡಿ.

ಈಗ ಗಣಪತ ಗಲ್ಲಿಯಲ್ಲಿ ಒಂದು ಸೀರೆ ಅಂಗಡಿಯಲ್ಲಿದ್ದೇನೆ. ಅಲ್ಲೂ ಟ್ರಯಲ್ ಇತ್ತು. ಒಂದು ತಾಸು. ನಿಜವಾದ ಗಿರಾಕಿ ಮುಂದೆ ಕೂರಿಸಿದರು, ಅವರು ಇಪ್ಪತ್ತು ಸೀರೆ ಬಿಚ್ಚಿಸಿ ಒಂದೂ ತಗೊಳ್ಳದೆ ಎದ್ದು ಹೋದರು. ಮಾಲಕರು ಚಹಾ ತರಿಸಿ, ಸೋಮವಾರದಿಂದ ಬಾ ಅಂದರು.